ಕಾರು ಇಂಜಿನ್ ಆಯಿಲ್ ಕುಡಿಯುತ್ತಿದ್ದರೆ: ಇಂಜಿನ್ ಇಳಿಸುವ ಮೊದಲು ನೋಡಬೇಕಾದದ್ದು

ದಾವಣಗೆರೆಯಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 260 ಕಿ.ಮೀ. ದಾರಿ, ಎರಡು ಸಲ ಹೋಗಿ ಬಂದರೆ ಸಾವಿರ ಕಿ.ಮೀ. ದಾಟುತ್ತದೆ. ನಮ್ಮ ಮನೆಯ ಪೆಟ್ರೋಲ್ ಕಾರು ಒಂಬತ್ತನೆಯ ವರ್ಷಕ್ಕೆ ಕಾಲಿಟ್ಟಾಗ ಇಷ್ಟೇ ಓಟದಲ್ಲಿ 850 ಮಿ.ಲೀ. ಇಂಜಿನ್ ಆಯಿಲನ್ನು ಖಾಲಿ ಮಾಡುತ್ತಿತ್ತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ, ಆಯಿಲ್ ಗೇಜನ್ನು ಎಳೆದು ನೋಡಿ, ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು: "ಬೋರ್ ಹೋಗೈತಿ ಸಾರ್, ಇಂಜಿನ್ ಇಳಿಸ್ಲೇಬೇಕು." ಅಂದರೆ ಸಿಲಿಂಡರಿನ ಒಳಗೋಡೆ ಸವೆದಿದೆ ಎಂದು. ಇಂಜಿನ್ ಇಳಿಸಲಿಲ್ಲ. ಆ ಕಾರು ಈಗಲೂ ಓಡುತ್ತಿದೆ, ಸಾವಿರ ಕಿ.ಮೀ.ಗೆ 150 ಮಿ.ಲೀ. ಆಯಿಲ್ ತೆಗೆದುಕೊಳ್ಳುತ್ತದೆ, ಬೋರ್ ಮೊದಲಿದ್ದ ಹಾಗೆಯೇ ಇದೆ. ಆಯಿಲ್ ಯಾವ ದಾರಿಯಿಂದ ಹೋಗುತ್ತಿದೆ ಎಂಬುದನ್ನು ಕಂಡುಹಿಡಿಯದೆ ಯಾವ ಭಾಗವನ್ನೂ ಬಿಚ್ಚಿಸಬಾರದು ಎಂಬುದು ಈ ಬರಹದ ನಿಲುವು. ಆ ದಾರಿಯನ್ನು ಹುಡುಕುವ ಕ್ರಮವನ್ನು, ಕಡಿಮೆ ಖರ್ಚಿನದರಿಂದ ಹೆಚ್ಚು ಖರ್ಚಿನದರ ಕಡೆಗೆ, ಮುಂದೆ ವಿವರಿಸಿದ್ದೇನೆ.

ಮೊದಲು ಅಳತೆ

"ಆಯಿಲ್ ತುಂಬಾ ತಿನ್ನುತ್ತಿದೆ" ಎಂಬುದು ದೂರು ಮಾತ್ರ. ಪರೀಕ್ಷೆಗೆ ಬೇಕಾದದ್ದು ಒಂದು ಅಂಕಿ. ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಬಿಸಿಯಾದ ಇಂಜಿನನ್ನು ಆಫ್ ಮಾಡಿ, ಮೇಲಿರುವ ಆಯಿಲ್ ಕೆಳಗಿನ ಚೇಂಬರಿಗೆ ಇಳಿಯಲು ಹತ್ತು ನಿಮಿಷ ಬಿಡಬೇಕು. ಗೇಜನ್ನು ಹೊರಗೆಳೆದು ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆದಾಗ ಕಾಣುವುದೇ ನಿಜವಾದ ಮಟ್ಟ. ಮೊದಲ ಸಲ ಎಳೆದಾಗ ಕಾಣುವ ಮಟ್ಟವನ್ನು ನಂಬಬಾರದು, ಏಕೆಂದರೆ ಗೇಜಿನ ಕೊಳವೆಯ ಗೋಡೆಗೆ ಅಂಟಿದ ಆಯಿಲ್ ಕಡ್ಡಿಯ ಮೇಲೆಲ್ಲ ಬಳಿದುಕೊಂಡು ಬಂದಿರುತ್ತದೆ. ಮೇಲಿನ ಗುರುತಿನವರೆಗೆ ಸರಿಯಾಗಿ ತುಂಬಿಸಿ, ಓಡೋಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು, ಸಾವಿರ ಕಿ.ಮೀ. ಓಡಿಸಿದ ಮೇಲೆ ಅದೇ ಜಾಗದಲ್ಲಿ ಅದೇ ರೀತಿ ನಿಲ್ಲಿಸಿ, ಅಳತೆಯ ಗುರುತಿರುವ ಲೋಟದಿಂದ ಅದೇ ಗುರುತಿನವರೆಗೆ ಮತ್ತೆ ತುಂಬಿಸಬೇಕು. ಸುರಿದದ್ದು ಎಷ್ಟೋ ಖರ್ಚಾದದ್ದೂ ಅಷ್ಟೇ. ಹೆಚ್ಚಿನ ಕುಟುಂಬದ ಕಾರುಗಳಲ್ಲಿ ಗೇಜಿನ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಸುಮಾರು ಒಂದು ಲೀಟರಿನ ಅಂತರ ಇರುತ್ತದೆಯಾದರೂ, ಕಣ್ಣಂದಾಜಿನ ಲೆಕ್ಕ ಈ ಕೆಲಸಕ್ಕೆ ಸಾಲದು.

ಎಷ್ಟರವರೆಗೆ ಸಹಜ? ಪ್ರತಿ ಇಂಜಿನೂ ಸ್ವಲ್ಪ ಆಯಿಲನ್ನು ಸುಡುತ್ತದೆ, ಏಕೆಂದರೆ ಸಿಲಿಂಡರಿನ ಗೋಡೆಯ ಮೇಲಿನ ತೆಳು ಪದರ ಪ್ರತಿ ಸ್ಫೋಟದಲ್ಲೂ ಅಷ್ಟಿಷ್ಟು ಉರಿಯಲೇಬೇಕು. ಸಾವಿರ ಕಿ.ಮೀ.ಗೆ 200–300 ಮಿ.ಲೀ. ಒಳಗಿದ್ದರೆ ಚಿಂತೆ ಬೇಡ. 500 ದಾಟಿದರೆ ಹುಡುಕಾಟ ಶುರುವಾಗಬೇಕು ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ಕಾರಿನ ಜೊತೆ ಬಂದ ಕೈಪಿಡಿಯನ್ನೂ ನೋಡಬೇಕು. ಕೆಲವು ತಯಾರಕರು ಸಾವಿರ ಕಿ.ಮೀ.ಗೆ ಒಂದು ಲೀಟರ್ ಹೋದರೂ ಸಹಜ ಎಂದು ಬರೆದುಕೊಂಡಿರುತ್ತಾರೆ. ಅದು ವಾರಂಟಿಯ ಹೊಣೆಯಿಂದ ತಪ್ಪಿಸಿಕೊಳ್ಳಲು ಬರೆದ ಅಂಕಿಯೇ ಹೊರತು ಆರೋಗ್ಯವಂತ ಇಂಜಿನಿನ ಅಂಕಿಯಲ್ಲ ಎಂದು ನನ್ನ ಅನಿಸಿಕೆ.

ಅಳತೆಯೇ ಮೋಸ ಮಾಡುವ ಎರಡು ಸಂದರ್ಭಗಳಿವೆ. ದಿನವೂ ಮನೆಯಿಂದ ಶಾಲೆಗೆ, ಶಾಲೆಯಿಂದ ಮಾರುಕಟ್ಟೆಗೆ ಎಂದು ಎರಡು-ಮೂರು ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ; ಉರಿಯದೆ ಉಳಿದ ಪೆಟ್ರೋಲು ಮತ್ತು ನೀರಿನ ಆವಿ ಆಯಿಲಿನೊಳಗೆ ಸೇರಿ ಮಟ್ಟವನ್ನು ಏರಿಸಿರುತ್ತವೆ. ಆಮೇಲೆ ಒಂದು ದಿನ ಹೆದ್ದಾರಿಯಲ್ಲಿ ನಾಲ್ಕು ಗಂಟೆ ಓಡಿಸಿದಾಗ ಅದೆಲ್ಲ ಆವಿಯಾಗಿ, ಒಂದೇ ಪ್ರಯಾಣದಲ್ಲಿ ಅರ್ಧ ಲೀಟರ್ ಮಾಯವಾದಂತೆ ಕಾಣುತ್ತದೆ. ಎರಡನೆಯದು, ಸರ್ವಿಸಿನಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ತುಂಬಿಸುವುದು. ಕಡಿಮೆ ಇದ್ದರೆ ಅಪಾಯ, ಹೆಚ್ಚಿದ್ದರೆ ಒಳ್ಳೆಯದು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಮೇಲಿನ ಗುರುತನ್ನು ಚೆನ್ನಾಗಿ ಮೀರಿದ ಆಯಿಲನ್ನು ತಿರುಗುವ ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತದೆ. ಆ ನೊರೆ ಉಸಿರು ಕೊಳವೆಯ ಮೂಲಕ ಗಾಳಿಯ ದಾರಿಗೆ ಸೇರಿ ಸುಟ್ಟುಹೋಗುತ್ತದೆ. ಹಾಗೆ ಸುಟ್ಟದ್ದನ್ನು ಇಂಜಿನಿನ ದೋಷವೆಂದು ಎಣಿಸಬಾರದು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳುವ ಕೆಂಪು ಆಯಿಲ್ ದೀಪ ಸಾಮಾನ್ಯವಾಗಿ ಮಟ್ಟವನ್ನು ತೋರಿಸುವುದಿಲ್ಲ, ಒತ್ತಡವನ್ನು ತೋರಿಸುತ್ತದೆ. ಅದು ಹೊತ್ತಿಕೊಳ್ಳುವ ಹೊತ್ತಿಗೆ ಪಂಪಿಗೆ ಎಳೆದುಕೊಳ್ಳಲು ಆಯಿಲ್ ಸಿಗುತ್ತಿಲ್ಲವೆಂದೇ ಅರ್ಥ, ಬೇರಿಂಗುಗಳು ಒಣಗಿ ಉಜ್ಜತೊಡಗಿರುತ್ತವೆ. ಅದು ಕಂಡರೆ ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣ ಎನ್ನದೆ ಅಲ್ಲಿಯೇ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಬೇಕು.

ಹೊರಗೆ ಸೋರುತ್ತಿದೆಯೇ?

ಆಯಿಲ್ ಹೋಗಲು ಇರುವುದು ಮೂರೇ ದಾರಿ: ಹೊರಗೆ ಸೋರುವುದು, ಒಳಗೆ ಸುಡುವುದು, ಕೂಲೆಂಟಿಗೆ ಸೇರುವುದು. ಮೂರನೆಯದು ಅಪರೂಪ, ಅದನ್ನು ಪತ್ತೆ ಮಾಡುವುದೂ ಸುಲಭ: ಇಂಜಿನ್ ತಣ್ಣಗಿರುವಾಗ ಕೂಲೆಂಟ್ ಡಬ್ಬಿಯಲ್ಲಿ ಜಿಡ್ಡು ತೇಲುತ್ತಿದ್ದರೆ, ಅಥವಾ ಗೇಜಿನ ಮೇಲಿನ ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಕೆಟ್ಟಿದೆ. ಆಗ ಕಾರನ್ನು ಓಡಿಸಬಾರದು. ಆಯಿಲ್ ತುಂಬುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ಕೆನೆ ಕಂಡರೆ ಅದು ಚಿಕ್ಕ ಓಟದ ಕಾರುಗಳಲ್ಲಿ ಮಳೆಗಾಲ, ಚಳಿಗಾಲಗಳಲ್ಲಿ ಕಟ್ಟುವ ತೇವವೂ ಆಗಿರಬಹುದು.

ಸೋರಿಕೆಗೆ ನಮ್ಮ ಮನೆಯಲ್ಲಿ ಮಾಡಿದ ಪರೀಕ್ಷೆ ಹಳೆಯ ದಿನಪತ್ರಿಕೆಯದು. ರಾತ್ರಿ ಕಾರು ನಿಲ್ಲಿಸುವ ಜಾಗದಲ್ಲಿ ಇಂಜಿನಿನ ಅಡಿಗೆ ಎರಡು ಪದರ ಕಾಗದ ಹಾಸಿ, ಮುಂದಿನ ಚಕ್ರಗಳ ಸ್ಥಾನವನ್ನು ಪೆನ್ನಿನಿಂದ ಗುರುತು ಹಾಕಬೇಕು. ಬೆಳಿಗ್ಗೆ ಹನಿಗಳಿದ್ದರೆ, ಗುರುತಿನ ಆಧಾರದಿಂದ ಅವು ಇಂಜಿನಿನ ಯಾವ ಭಾಗದ ಕೆಳಗೆ ಬಿದ್ದಿವೆ ಎಂದು ಹೇಳಬಹುದು. ಏಸಿಯ ನೀರು ಒಣಗಿ ಹೋಗುತ್ತದೆ. ಆಯಿಲಾದರೆ ಬೆಣ್ಣೆ ದೋಸೆ ಕಟ್ಟಿಕೊಟ್ಟ ಕಾಗದದ ಹಾಗೆ ಪಾರದರ್ಶಕವಾದ ಕಲೆ ಉಳಿಯುತ್ತದೆ. ನಮ್ಮ ಕಾಗದದ ಮೇಲೆ ಸಿಕ್ಕಿದ್ದು ಎರಡು ಹನಿ. 850 ಮಿ.ಲೀ.ನ ಲೆಕ್ಕಕ್ಕೆ ಅದು ಯಾವ ಮೂಲೆಗೂ ಸಾಲದು.

ಆದರೆ ಕಾಗದ ಒಣಗಿದ್ದ ಮಾತ್ರಕ್ಕೆ ಸೋರಿಕೆ ಇಲ್ಲವೆಂದು ಹೇಳುವಂತಿಲ್ಲ. ಕೆಲವು ಸೀಲುಗಳು ಇಂಜಿನ್ ಬಿಸಿಯಾಗಿ ಒಳಗೆ ಒತ್ತಡ ಇರುವಾಗ ಮಾತ್ರ ಸೋರುತ್ತವೆ, ಆಗ ಬಿದ್ದ ಆಯಿಲ್ ಹೆದ್ದಾರಿಯ ಗಾಳಿಗೆ ಹಿಂದಕ್ಕೆ ಹರಡಿ ಅಡಿಭಾಗದ ತಗಡಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಇಂಜಿನನ್ನು ಒಮ್ಮೆ ತೊಳೆಸಿ ಒಣಗಿಸಿ, ಸಂಶಯವಿರುವ ಕಡೆಗಳಲ್ಲಿ ಟಾಲ್ಕಂ ಪೌಡರ್ ಉದುರಿಸಿ, ಐವತ್ತು-ಅರವತ್ತು ಕಿ.ಮೀ. ಓಡಿಸಿ ಬಂದು ನೋಡಬೇಕು. ಭರಮಸಾಗರದ ದಾರಿಯಲ್ಲಿ ಚಿತ್ರದುರ್ಗಕ್ಕೆ ಹೋದರೆ ಅಷ್ಟು ದೂರ ಸರಿಯಾಗಿ ಆಗುತ್ತದೆ. ಹುಡುಕಾಟ ಯಾವಾಗಲೂ ಮೇಲಿನಿಂದ ಕೆಳಗೆ ಸಾಗಬೇಕು, ಏಕೆಂದರೆ ಇಂಜಿನಿನ ನೆತ್ತಿಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಪ್ಯಾಕಿಂಗಿನಿಂದ ಸೋರಿದ್ದು ಇಂಜಿನಿನ ಬೆನ್ನಿನ ಮೇಲೆ ಇಳಿದು ಚೇಂಬರಿನ ಅಂಚಿನಲ್ಲಿ ತೊಟ್ಟಿಕ್ಕುತ್ತಿರುತ್ತದೆ, ನೋಡಿದವರು ಚೇಂಬರಿನ ಪ್ಯಾಕಿಂಗ್ ಬದಲಿಸುತ್ತಾರೆ. ಆಯಿಲ್ ಪ್ರೆಷರ್ ಸ್ವಿಚ್, ಕ್ರ್ಯಾಂಕಿನ ಮುಂದಿನ ಸೀಲ್, ಡ್ರೈನ್ ಬೋಲ್ಟಿನ ವಾಷರ್, ಫಿಲ್ಟರಿನ ರಬ್ಬರ್ ಇವೆಲ್ಲ ಸಣ್ಣ ಕೆಲಸಗಳು. ಹಳೆಯ ಫಿಲ್ಟರ್ ತೆಗೆಯುವಾಗ ಅದರ ರಬ್ಬರ್ ರಿಂಗ್ ಇಂಜಿನಿಗೇ ಅಂಟಿಕೊಂಡು ಉಳಿದು, ಅದರ ಮೇಲೆಯೇ ಹೊಸ ಫಿಲ್ಟರ್ ಕೂತರೆ ದಾರಿಯಲ್ಲಿ ಇದ್ದಕ್ಕಿದ್ದಂತೆ ಪೂರ್ತಿ ಆಯಿಲ್ ಚೆಲ್ಲಿಹೋಗಬಹುದು. ಸರ್ವಿಸ್ ಆದ ಒಂದೆರಡು ದಿನದಲ್ಲೇ ಸೋರಿಕೆ ಶುರುವಾದರೆ ಮೊದಲು ನೋಡಬೇಕಾದದ್ದು ಇದನ್ನೇ. ಇಂಜಿನಿಗೂ ಗೇರ್‌ಬಾಕ್ಸಿಗೂ ನಡುವಿನ ಜಾಗದಿಂದ ಹನಿ ಬೀಳುತ್ತಿದ್ದರೆ ಮಾತ್ರ ಕ್ರ್ಯಾಂಕಿನ ಹಿಂದಿನ ಸೀಲ್ ಇರಬಹುದು. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕಾದುದರಿಂದ, ಮುಂದೆ ಎಂದಾದರೂ ಕ್ಲಚ್ ಪ್ಲೇಟ್ ಬದಲಿಸುವಾಗ ಜೊತೆಗೇ ಮಾಡಿಸುವುದು ಲಾಭ.

ಹೊಗೆಯ ಬಣ್ಣಕ್ಕಿಂತ ಹೊತ್ತು ಮುಖ್ಯ

ಆಯಿಲ್ ಸುಟ್ಟ ಹೊಗೆ ನೀಲಿ ಛಾಯೆಯದು, ವಾಸನೆ ಕಮಟು. ದಟ್ಟ ಬಿಳಿ ಹೊಗೆಗೆ ಸಿಹಿ ವಾಸನೆ ಇದ್ದರೆ ಕೂಲೆಂಟ್, ಕಪ್ಪಾಗಿದ್ದರೆ ಹೆಚ್ಚಾದ ಇಂಧನ ಎಂಬುದು ಎಲ್ಲರಿಗೂ ಗೊತ್ತಿರುವ ಪಾಠ. ಆದರೆ ನೀಲಿ ಹೊಗೆ ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ, ಉತ್ತರ ಇರುವುದು ಅಲ್ಲಿಯೇ.

ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ಒಂದು ಉಂಡೆ ನೀಲಿ ಹೊಗೆ ಬಂದು ಅರ್ಧ ನಿಮಿಷದಲ್ಲಿ ನಿಂತುಹೋದರೆ, ರಾತ್ರಿಯೆಲ್ಲ ವಾಲ್ವ್ ಕಡ್ಡಿಯ ಗುಂಟ ಆಯಿಲ್ ಇಳಿದು ಸಿಲಿಂಡರಿನಲ್ಲಿ ನಿಂತಿತ್ತು ಎಂದರ್ಥ. ಇದು ವಾಲ್ವ್ ಕಡ್ಡಿಯ ಸುತ್ತ ಆಯಿಲನ್ನು ತಡೆಯುವ ರಬ್ಬರಿನ, ಅಂದರೆ ವಾಲ್ವ್ ಸೀಲಿನ ದೋಷ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಇಳಿದು, ಕೆಳಗೆ ಬಂದು ಮತ್ತೆ ಒತ್ತಿದ ಕೂಡಲೇ ಹೊಗೆ ಬಂದರೂ ಕಾರಣ ಬಹುಮಟ್ಟಿಗೆ ಅದೇ, ಅಥವಾ ವಾಲ್ವ್ ಕಡ್ಡಿ ಓಡಾಡುವ ಕೊಳವೆ, ಅಂದರೆ ವಾಲ್ವ್ ಗೈಡ್, ಸವೆದಿರುವುದು. ಕಾಲು ತೆಗೆದಾಗ ಪೆಟ್ರೋಲ್ ಇಂಜಿನಿನ ಗಾಳಿಯ ದಾರಿಯಲ್ಲಿ ಹೀರುವಿಕೆ ಅತಿ ಹೆಚ್ಚಾಗಿ, ಸಡಿಲವಾದ ಸೀಲಿನ ಮೂಲಕ ಆಯಿಲನ್ನು ಎಳೆದುಕೊಳ್ಳುತ್ತದೆ. ಇದಕ್ಕೆ ಬದಲಾಗಿ, ಏರು ದಾರಿಯಲ್ಲಿ ಅಥವಾ ಲಾರಿಯನ್ನು ಹಿಂದಿಕ್ಕಲು ಜೋರಾಗಿ ಒತ್ತಿದಷ್ಟು ಹೊತ್ತೂ ನೀಲಿ ಹೊಗೆ ಬರುತ್ತಿದ್ದರೆ ಪಿಸ್ಟನ್ನಿನ ಸುತ್ತಲಿನ ರಿಂಗುಗಳ ಕಡೆಗೆ ಬೆರಳು ತೋರಿಸಬೇಕು. ಈ ಪರೀಕ್ಷೆಗೆ ಹಿಂದಿನಿಂದ ಇನ್ನೊಂದು ವಾಹನದಲ್ಲಿ ಯಾರಾದರೂ ಬರಬೇಕು. ಓಡಿಸುವವನಿಗೆ ಕನ್ನಡಿಯಲ್ಲಿ ತೆಳುವಾದ ಹೊಗೆ ಕಾಣುವುದಿಲ್ಲ. ಜೊತೆಗೆ ಇತ್ತೀಚಿನ ಕಾರುಗಳಲ್ಲಿ ಹೊಗೆಯನ್ನು ಶುಚಿಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಬಹಳಷ್ಟನ್ನು ಸುಟ್ಟು ಅಡಗಿಸುವುದರಿಂದ, ಹೊಗೆಯೇ ಇಲ್ಲದೆ ಅರ್ಧ ಲೀಟರ್ ಸುಡುವ ಇಂಜಿನುಗಳೂ ಇವೆ. ಆಯಿಲಿನಲ್ಲಿರುವ ರಂಜಕ ಕ್ರಮೇಣ ಆ ಕನ್ವರ್ಟರನ್ನೇ ಕೆಡಿಸುತ್ತದೆ ಎಂಬುದು ಬೇರೆಯೇ ನಷ್ಟ.

ಅಗ್ಗದ ಅಪರಾಧಿ: ಪಿಸಿವಿ ವಾಲ್ವ್

ಪಿಸ್ಟನ್ನಿನ ಪಕ್ಕದಿಂದ ಸ್ವಲ್ಪ ಅನಿಲ ಯಾವಾಗಲೂ ಕೆಳಗಿನ ಚೇಂಬರಿಗೆ ನುಸುಳುತ್ತಿರುತ್ತದೆ. ಅದನ್ನು ಹೊರಗೆ ಬಿಡದೆ, ಟ್ಯಾಪೆಟ್ ಕವರಿನಿಂದ ಒಂದು ಸಣ್ಣ ವಾಲ್ವಿನ ಮೂಲಕ ಮತ್ತೆ ಗಾಳಿಯ ದಾರಿಗೆ ಕಳುಹಿಸಿ ಸುಡಿಸುವ ವ್ಯವಸ್ಥೆಗೆ ಪಿಸಿವಿ ಎಂದು ಹೆಸರು. ಈ ವಾಲ್ವ್ ಜಿಡ್ಡುಗಟ್ಟಿ ತೆರೆದೇ ಉಳಿದರೆ ಇಂಜಿನ್ ಅನಿಲದ ಜೊತೆ ಆಯಿಲಿನ ತುಂತುರನ್ನೂ ಹೀರಿಕೊಳ್ಳುತ್ತದೆ; ಮುಚ್ಚಿಯೇ ಉಳಿದರೆ ಒಳಗೆ ಒತ್ತಡ ಬೆಳೆದು, ಸೀಲುಗಳು ಎಲ್ಲೆಲ್ಲಿ ದುರ್ಬಲವೋ ಅಲ್ಲಿಂದ ಆಯಿಲನ್ನು ಹೊರದೂಡುತ್ತದೆ. ಒಂದಾದ ಮೇಲೊಂದು ಸೀಲ್ ಬದಲಿಸಿದರೂ ಮತ್ತೆ ಮತ್ತೆ ಸೋರುವ ಕಾರಿನಲ್ಲಿ ಇದನ್ನು ನೋಡದೆ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು.

ಪರೀಕ್ಷೆ ಹೀಗೆ: ಇಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಎಚ್ಚರಿಕೆಯಿಂದ ತೆಗೆದು, ಬಾಯಿಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದನ್ನು ಇಡಬೇಕು. ಹಾಳೆ ಮೆಲ್ಲಗೆ ಒಳಕ್ಕೆ ಎಳೆದುಕೊಂಡರೆ ಸರಿ. ಶಿಳ್ಳೆ ಹಾಕುವಷ್ಟು ಬಲವಾಗಿ ಎಳೆದರೆ ವಾಲ್ವ್ ತೆರೆದೇ ಉಳಿದಿದೆ ಅಥವಾ ಅದರ ಪೊರೆ ಹರಿದಿದೆ. ಹಾಳೆ ಉಬ್ಬಿ ಪಟಪಟನೆ ಹಾರಿ, ಬಾಯಿಯಿಂದ ಬುಸುಬುಸು ಹೊಗೆ ಬಂದರೆ ನಮ್ಮ ಮೆಕ್ಯಾನಿಕ್ಕುಗಳು ಅದನ್ನು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ, ಮತ್ತು ಅಲ್ಲಿಗೇ ಬೋರಿನ ತೀರ್ಪು ಬರೆದುಬಿಡುತ್ತಾರೆ. ಪಿಸಿವಿ ಕಟ್ಟಿಕೊಂಡಿದ್ದರೂ ಇದೇ ಲಕ್ಷಣ ಕಾಣುತ್ತದೆ ಎಂಬುದನ್ನು ಆಗ ನೆನಪಿಸಬೇಕು. ವಾಲ್ವ್ ಬಿಡಿಯಾಗಿ ಕಳಚುವಂಥದ್ದಾದರೆ ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಒಳಗಿನ ಗುಂಡು ಕಟಕಟ ಎನ್ನಬೇಕು. ನಮ್ಮದು ಮೂಕವಾಗಿತ್ತು. ಬಿಚ್ಚಿದಾಗ ಅದರ ತುದಿಯಲ್ಲಿ ಜೋನಿ ಬೆಲ್ಲದಂಥ ಕಪ್ಪು ಅಂಟು ತುಂಬಿತ್ತು, ಅದಕ್ಕೆ ಸೇರಿದ ರಬ್ಬರ್ ಕೊಳವೆಯನ್ನು ಬಗ್ಗಿಸಿದರೆ ಒಳಗಿನಿಂದ ಆಯಿಲ್ ಒಸರಿತು. ಕೆಲವು ನೂರು ರೂಪಾಯಿಗಳ ಹೊಸ ವಾಲ್ವ್ ಹಾಕಿ, ಟ್ಯಾಪೆಟ್ ಕವರಿನ ಒಳಗಿನ ತಗಡಿನ ತೂತುಗಳನ್ನೂ ತೊಳೆಸಿದ ಮೇಲೆ ಮುಂದಿನ ಸಾವಿರ ಕಿ.ಮೀ.ಗೆ 400 ಮಿ.ಲೀ. ಖರ್ಚಾಯಿತು. ಅರ್ಧಕ್ಕಿಂತ ಹೆಚ್ಚು ದೋಷ ಅಲ್ಲಿಗೇ ತೀರಿತ್ತು.

ಕಂಪ್ರೆಷನ್ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಉಳಿದ ಭಾಗಕ್ಕೆ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಸಾಲಾಗಿ ಇಟ್ಟು ನೋಡಬೇಕು. ಒಂದೇ ಪ್ಲಗ್ ಒದ್ದೆಯಾಗಿ ಕಪ್ಪಾಗಿದ್ದರೆ ದೋಷ ಆ ಸಿಲಿಂಡರಿಗೆ ಸೀಮಿತ. ಎಲ್ಲವೂ ಒಂದೇ ರೀತಿ ಇದ್ದರೆ ಇಡೀ ಇಂಜಿನಿಗೆ ಸಂಬಂಧಿಸಿದ ಕಾರಣ. ಆಮೇಲೆ ಇಗ್ನಿಷನ್ನನ್ನೂ ಪೆಟ್ರೋಲನ್ನೂ ಕಡಿತಗೊಳಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರಿನ ಕಂಪ್ರೆಷನ್ನನ್ನು, ಅಂದರೆ ಪಿಸ್ಟನ್ ಮೇಲೇರಿದಾಗ ಒಳಗೆ ಏಳುವ ಒತ್ತಡವನ್ನು, ಒತ್ತಡದ ಗೇಜಿನಿಂದ ಅಳೆಸಬೇಕು. ಪೆಟ್ರೋಲ್ ಇಂಜಿನಿನಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ನಡುವೆ ಬರುತ್ತದೆ, ಆದರೆ ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರ ಮುಖ್ಯ. ಅದು ನೂರಕ್ಕೆ ಹತ್ತು-ಹದಿನೈದನ್ನು ಮೀರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್ ಅಥವಾ ಗೋಡೆ ಸವೆದಿದೆ, ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಡೀಸೆಲ್ ಇಂಜಿನಿನಲ್ಲಿ ಈ ಒದ್ದೆ ಪರೀಕ್ಷೆ ಬೇಡ. ಅಲ್ಲಿ ಪಿಸ್ಟನ್ನಿನ ಮೇಲೆ ಉಳಿಯುವ ಜಾಗ ಬಹಳ ಚಿಕ್ಕದು, ದ್ರವ ಸಿಕ್ಕಿಕೊಂಡರೆ ಕನೆಕ್ಟಿಂಗ್ ರಾಡ್ ಬಗ್ಗಬಹುದು.

ಇಲ್ಲೊಂದು ಬಲೆ ಇದೆ. ಪ್ರತಿ ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗುಗಳು. ಮೇಲಿನ ಎರಡು ಮುಖ್ಯವಾಗಿ ಕಂಪ್ರೆಷನ್ನನ್ನು ಕಾಯುತ್ತವೆ, ಮೂರನೆಯದು ಗೋಡೆಯ ಮೇಲಿನ ಆಯಿಲನ್ನು ಬಳಿದು ಕೆಳಗೆ ಇಳಿಸುತ್ತದೆ. ಆಯಿಲ್ ಬದಲಾವಣೆಯನ್ನು ಮುಂದೂಡುತ್ತಾ ಬಂದ ಇಂಜಿನಿನಲ್ಲಿ ಈ ಮೂರನೆಯ ರಿಂಗಿನ ಸಣ್ಣ ತೂತುಗಳಲ್ಲಿ ಮಸಿ ಕಟ್ಟಿ, ರಿಂಗ್ ತಾನು ಕೂರುವ ತೋಡಿನಲ್ಲೇ ಸಿಕ್ಕಿಬೀಳುತ್ತದೆ. ಆಗ ಕಂಪ್ರೆಷನ್ ಚೆನ್ನಾಗಿಯೇ ಇರುತ್ತದೆ, ಆಯಿಲ್ ಮಾತ್ರ ಹೋಗುತ್ತಲೇ ಇರುತ್ತದೆ. ಇಂಥ ಇಂಜಿನಿಗೆ ಬೋರ್ ಮಾಡಿಸುವ ಮೊದಲು, ಪ್ಲಗ್ಗಿನ ತೂತಿನಿಂದ ಮಸಿ ಕರಗಿಸುವ ದ್ರಾವಣ ಹಾಕಿ ಒಂದು ರಾತ್ರಿ ನೆನೆಸಿಡುವ ಚಿಕಿತ್ಸೆಯನ್ನು ಪ್ರಯತ್ನಿಸಬಹುದು. ಮರುದಿನ ಪ್ಲಗ್ಗುಗಳಿಲ್ಲದೆಯೇ ಇಂಜಿನ್ ತಿರುಗಿಸಿ ಉಳಿದ ದ್ರವವನ್ನು ಹೊರಹಾಕಿ, ಆಯಿಲನ್ನೂ ಫಿಲ್ಟರನ್ನೂ ತಪ್ಪದೆ ಬದಲಿಸಬೇಕು. ಪ್ರತಿ ಸಲ ಫಲಿಸುತ್ತದೆಂದು ಹೇಳಲಾರೆ.

ನಮ್ಮ ಕಾರಿನಲ್ಲಿ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಹೆಚ್ಚುಕಡಿಮೆ ಸಮವಾಗಿತ್ತು, ಹೊಗೆ ಬರುತ್ತಿದ್ದುದು ಬೆಳಗಿನ ಸ್ಟಾರ್ಟಿನಲ್ಲಿ ಮಾತ್ರ. ಆದ್ದರಿಂದ ವಾಲ್ವ್ ಸೀಲುಗಳನ್ನು ಬದಲಿಸಲು ನಿರ್ಧರಿಸಿದೆವು. ಇದಕ್ಕೆ ಹೆಡ್ ಇಳಿಸಲೇಬೇಕೆಂದಿಲ್ಲ. ಇನ್ನೊಂದು ಗ್ಯಾರೇಜಿನ ಹಿರಿಯ ಮೇಸ್ತ್ರಿ ಪ್ಲಗ್ಗಿನ ತೂತಿನಿಂದ ನೈಲಾನ್ ಹಗ್ಗವನ್ನು ಗೇಣು ಗೇಣಾಗಿ ಸಿಲಿಂಡರಿನೊಳಕ್ಕೆ ತುರುಕಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ಪಿಸ್ಟನ್ನನ್ನು ಮೇಲೆತ್ತಿ, ಆ ಹಗ್ಗದ ಸುರುಳಿ ವಾಲ್ವುಗಳನ್ನು ಕೆಳಗೆ ಬೀಳದಂತೆ ಆತು ಹಿಡಿದ ಮೇಲೆ ಸ್ಪ್ರಿಂಗ್ ಬಿಚ್ಚಿದರು. ತೆಗೆದ ಹಳೆಯ ಸೀಲನ್ನು ನನ್ನ ಅಂಗೈಗೆ ಹಾಕಿ ಒತ್ತಿ ನೋಡಲು ಹೇಳಿದರು. ರಬ್ಬರಿನ ಹಾಗೆ ಬಗ್ಗುವ ಬದಲು ಅದು ಅಂಗಿಯ ಗುಂಡಿಯಂತೆ ಗಟ್ಟಿಯಾಗಿತ್ತು. ಉಗುರು ಊರಿದಾಗ ಟಕ್ಕನೆ ಎರಡು ಹೋಳಾಯಿತು. ಒಮ್ಮೆ ಇಂಜಿನ್ ಅತಿಯಾಗಿ ಬಿಸಿಯಾಗಿದ್ದರೆ ಸೀಲುಗಳು ಹೀಗೆ ಬೇಗ ಸುಟ್ಟು ಗಟ್ಟಿಯಾಗುತ್ತವೆ. ಎರಡು ವರ್ಷದ ಹಿಂದೆ ಹಿರಿಯೂರಿನ ಬಳಿ ರೇಡಿಯೇಟರ್ ಫ್ಯಾನ್ ನಿಂತು ಮುಳ್ಳು ಮೇಲೇರಿದ್ದು ನನಗೆ ಆಗ ನೆನಪಾಯಿತು.

ಧೂಳು ಮತ್ತು ದಪ್ಪ ಆಯಿಲ್

ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಬೋರ್ ನಿಜವಾಗಿಯೇ ಸವೆಯುವುದಕ್ಕೆ ದೊಡ್ಡ ಕಾರಣ ಧೂಳು. ಮೆಕ್ಕೆಜೋಳದ ಒಕ್ಕಣೆಯ ಕಾಲದಲ್ಲಿ ಹಳ್ಳಿಯ ದಾರಿಗಳಲ್ಲಿ, ಭೀಮಸಮುದ್ರದ ಕಡೆಯ ಅದಿರು ಲಾರಿಗಳ ಹಿಂದೆ ದಿನವೂ ಓಡಾಡುವ ಕಾರಿನ ಏರ್ ಫಿಲ್ಟರಿಗೆ ಕೈಪಿಡಿಯ ಅವಧಿ ಅನ್ವಯಿಸದು, ಅರ್ಧ ಅವಧಿಗೇ ಬದಲಿಸಬೇಕು. ಕಾಗದದ ಫಿಲ್ಟರನ್ನು ಪಂಕ್ಚರ್ ಅಂಗಡಿಯಲ್ಲಿ ಜೋರು ಗಾಳಿ ಹೊಡೆಸಿ ಮತ್ತೆ ಹಾಕುವ ಅಭ್ಯಾಸದಿಂದ ಅದರ ಮಡಿಕೆಗಳು ಕಣ್ಣಿಗೆ ಕಾಣದಂತೆ ಹರಿಯುತ್ತವೆ. ಫಿಲ್ಟರ್ ಡಬ್ಬಿಯಿಂದ ಮುಂದೆ ಇಂಜಿನಿಗೆ ಹೋಗುವ ಗಾಳಿಯ ಕೊಳವೆಯ ಒಳಗೆ ಬೆರಳಾಡಿಸಿ ನೋಡಿ. ಅಲ್ಲಿ ಸಣ್ಣ ಮರಳಿನ ಹಾಗೆ ಕರಕರ ಎಂದರೆ ಆ ಧೂಳು ಸಿಲಿಂಡರಿಗೂ ಹೋಗಿದೆ, ರಿಂಗುಗಳನ್ನು ಉಪ್ಪುಕಾಗದದಂತೆ ಉಜ್ಜಿದೆ.

ಬೇಸಿಗೆಯ ಬಿಸಿಲು 38 ಡಿಗ್ರಿ ದಾಟುವ ಊರಿಗೆ ದಪ್ಪ ಆಯಿಲೇ ಸರಿ ಎಂದು ಹೇಳಿ, 5ಡಬ್ಲ್ಯೂ-30 ಬೇಡುವ ಇಂಜಿನಿಗೆ 20ಡಬ್ಲ್ಯೂ-50 ಸುರಿಯುವವರಿದ್ದಾರೆ. ಖರ್ಚು ಸ್ವಲ್ಪ ಇಳಿದಂತೆ ಕಾಣುತ್ತದೆ ನಿಜ. ಆದರೆ ಕಿರಿದಾದ ದಾರಿಗಳಿರುವ ಈಗಿನ ಇಂಜಿನಿನಲ್ಲಿ, ತಣ್ಣಗಿರುವಾಗ ಆ ಆಯಿಲ್ ಮೇಲಿನ ಭಾಗಗಳನ್ನು ತಲುಪಲು ತಡವಾಗುತ್ತದೆ, ವಾಲ್ವುಗಳ ಸಮಯ ಹೊಂದಿಸುವ ವ್ಯವಸ್ಥೆಯೂ ತಡವರಿಸುತ್ತದೆ. ತಯಾರಕರು ಕೈಪಿಡಿಯಲ್ಲಿ ಪರ್ಯಾಯವಾಗಿ ಒಪ್ಪಿರುವ ದರ್ಜೆಯವರೆಗೆ ಮಾತ್ರ ಏರಬಹುದು.

ಟರ್ಬೊ ಡೀಸೆಲ್ ಕಾರುಗಳಿಗೆ

ಇಂಜಿನಿಗೆ ಗಾಳಿಯನ್ನು ಒತ್ತಿ ಕಳುಹಿಸುವ ಟರ್ಬೊ ಇರುವಲ್ಲಿ ಅದರ ಸೀಲನ್ನೂ ಸಂಶಯಿಸಬೇಕು. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ಕೊಳವೆಯನ್ನು ಕಳಚಿದಾಗ ತೆಳು ತೇವ ಇದ್ದರೆ ಸಹಜ, ತಳದಲ್ಲಿ ಆಯಿಲ್ ನಿಂತಿದ್ದರೆ ಅಲ್ಲ. ಟರ್ಬೊದಿಂದ ಆಯಿಲ್ ಮರಳುವ ಕೊಳವೆ ಕಟ್ಟಿಕೊಂಡಿದ್ದರೂ ಹೀಗಾಗುವುದರಿಂದ ಮೊದಲು ಅದನ್ನೇ ತೆಗೆದು ನೋಡಬೇಕು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಮದ ನಂತರದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅದನ್ನು ಸುಟ್ಟು ಶುಚಿಗೊಳಿಸುವಾಗ ಅರ್ಧಕ್ಕೇ ಕಾರು ಆಫ್ ಮಾಡುತ್ತಿದ್ದರೆ ಡೀಸೆಲ್ ಆಯಿಲಿಗೆ ಸೇರಿ ಮಟ್ಟ ಏರುತ್ತದೆ, ಆಗ ನಿಜವಾದ ಖರ್ಚು ಗೇಜಿನಲ್ಲಿ ಕಾಣುವುದೇ ಇಲ್ಲ. ಗೇಜಿನ ಆಯಿಲಿಗೆ ಡೀಸೆಲ್ ವಾಸನೆ ಬಂದರೆ ತಡಮಾಡದೆ ಬದಲಿಸಬೇಕು. ಟರ್ಬೊ ಸೀಲ್ ಪೂರ್ತಿ ಕಿತ್ತುಹೋದರೆ ಇಂಜಿನ್ ತನ್ನ ಆಯಿಲನ್ನೇ ಇಂಧನ ಮಾಡಿಕೊಂಡು, ಕೀಲಿ ತೆಗೆದರೂ ನಿಲ್ಲದೆ ಅಬ್ಬರಿಸಬಹುದು; ಕೈಗೇರಿನ ಕಾರಾದರೆ ನಿಂತಲ್ಲಿಯೇ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಇಂಜಿನನ್ನು ಕಟ್ಟಿಹಾಕುವುದು ತಕ್ಷಣದ ಉಪಾಯ.

ಇಂಜಿನ್ ಇಳಿಸುವುದು ಯಾವಾಗ

ಸೋರಿಕೆ ಇಲ್ಲ, ಪಿಸಿವಿ ಹೊಸದು, ವಾಲ್ವ್ ಸೀಲ್ ಸರಿಯಿದೆ, ಒದ್ದೆ ಪರೀಕ್ಷೆಯಲ್ಲಿ ಅಂಕಿ ಏರಿದೆ, ಒತ್ತಿದಾಗಲೆಲ್ಲ ಹೊಗೆ ಬರುತ್ತಿದೆ ಎಂದಾದರೆ ಮಾತ್ರ ಬೋರ್ ಮಾತಿಗೆ ಬರಬಹುದು. ಆಗಲೂ ಒಂದು ಲೆಕ್ಕ ಹಾಕಿ ನೋಡಬೇಕು. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡುವ ಕಾರು ಸಾವಿರಕ್ಕೆ ಅರ್ಧ ಲೀಟರ್ ತೆಗೆದುಕೊಂಡರೆ ವರ್ಷಕ್ಕೆ ಐದು ಲೀಟರ್. ಲೀಟರಿಗೆ 500 ರೂಪಾಯಿ ಎಂದಿಟ್ಟುಕೊಂಡರೂ 2,500 ರೂಪಾಯಿ. ಎಮಿಷನ್ ಟೆಸ್ಟ್ ಪಾಸಾಗುತ್ತಿರುವ ಹಳೆಯ ಕಾರಿಗೆ ಹತ್ತಾರು ಸಾವಿರ ಸುರಿದು ಇಂಜಿನ್ ಕಟ್ಟಿಸುವುದಕ್ಕಿಂತ ಒಂದು ಡಬ್ಬಿ ಆಯಿಲನ್ನು ಡಿಕ್ಕಿಯಲ್ಲಿಟ್ಟುಕೊಂಡು ಓಡಾಡುವುದು ಎಷ್ಟೋ ಸಲ ಬುದ್ಧಿವಂತಿಕೆಯೇ. ಕಟ್ಟಿಸಲೇಬೇಕಾದರೆ, ಬೋರಿನ ಕೆಲಸವನ್ನು ಲೇತಿನ ಅಂಗಡಿಗೆ ಕೊಡುವ ಮೊದಲು ಸಿಲಿಂಡರಿನ ಸವೆತವನ್ನು ಬೋರ್ ಗೇಜಿನಲ್ಲಿ ಅಳೆದು ತೋರಿಸಲು ಕೇಳಿ. ಅಳತೆ ಮಿತಿಯೊಳಗಿದ್ದರೆ ಗೋಡೆಯನ್ನು ನವಿರಾಗಿ ಉಜ್ಜುವ ಹೋನಿಂಗ್ ಮಾಡಿ ಹೊಸ ರಿಂಗ್ ಹಾಕಿದರೆ ಸಾಕಾಗಬಹುದು. ಹೊಸ ರಿಂಗ್ ಗೋಡೆಗೆ ಹೊಂದಿಕೊಳ್ಳುವವರೆಗೆ ಮೊದಲ ಸಾವಿರ-ಒಂದೂವರೆ ಸಾವಿರ ಕಿ.ಮೀ. ಸ್ವಲ್ಪ ಆಯಿಲ್ ಹೋಗುವುದು ಸಹಜವಾದುದರಿಂದ, ಆ ಓಟವನ್ನು ಒಂದೇ ವೇಗದಲ್ಲಿ ಹೆದ್ದಾರಿಯಲ್ಲಿ ಮುಗಿಸದೆ ಏರಿಳಿತದ ವೇಗದಲ್ಲಿ ಓಡಿಸಿ, ಆಯಿಲ್ ಬದಲಿಸಿ, ಆಮೇಲೆಯೇ ಗೇಜನ್ನು ಒರೆಸಿ ಮೊದಲಿನ ಅಳತೆಯನ್ನು ಮತ್ತೆ ತೆಗೆದುಕೊಳ್ಳಬೇಕು.